ಅಕ್ಕೋರ ಪರ್ಸು ಸರ್ಕಾರದ ಖಜಾನೆಯಲ್ಲ

ಸೆಪ್ಟೆಂಬರ್ 5ರ ಆಸುಪಾಸಿನಲ್ಲಿ ಪತ್ರಿಕೆ ತೆರೆದರೆ ಒಂದು ಸುದ್ದಿ ಇದ್ದೇ ಇರುತ್ತದೆ. ಸ್ವಂತ ಹಣದಲ್ಲಿ ಶಾಲೆಗೆ ಬಣ್ಣ ಬಳಿಸಿದ ಮೇಷ್ಟ್ರು, ಸಂಬಳದಲ್ಲಿ ಉಳಿಸಿ ಮಕ್ಕಳಿಗೆ ಪಾಟಿಚೀಲ ಕೊಡಿಸಿದ ಟೀಚರು. ಪಕ್ಕದಲ್ಲಿ ಫೋಟೊ, ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು. ಓದಿದವರು ‘ಇಂಥವರು ಇರೋದಕ್ಕೇ ಮಳೆ-ಬೆಳೆ ಆಗ್ತಿರೋದು’ ಎಂದು ಪುಟ ಮಗುಚುತ್ತಾರೆ.

ಆ ಮಾತನ್ನು ನಾನೂ ಹೇಳಿಸಿಕೊಂಡವಳು. ಗದಗ ಜಿಲ್ಲೆಯ ಕನ್ನಡ ಸಾಲಿಗಳಲ್ಲಿ 31 ವರ್ಷ ಪಾಠ ಹೇಳಿ ಈಗ ನಿವೃತ್ತಳಾಗಿದ್ದೇನೆ. ಊರವರು ಹಾಗೆ ಅಂದಾಗೆಲ್ಲ ಎದೆ ತುಂಬಿ ಬರುತ್ತಿತ್ತು. ಇವತ್ತು ಕೈಮುಗಿದು ಕೇಳುತ್ತೇನೆ: ದಯಮಾಡಿ ಆ ಮಾತು ನಿಲ್ಲಿಸಿ.

ಯಾಕೆಂದು ಹೇಳುತ್ತೇನೆ. ಒಂದು ಹಳ್ಳಿಯಲ್ಲಿ ನಾನು ಹನ್ನೊಂದು ವರ್ಷ ಇದ್ದೆ. ಮೂವತ್ತಕ್ಕೂ ಕಡಿಮೆ ಮಕ್ಕಳು, ಇಬ್ಬರೇ ಶಿಕ್ಷಕರು. ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯ ಮೇಲೆ ನನಗೆ ಇವತ್ತಿಗೂ ಪ್ರೀತಿ. ಆದರೆ ಅದು ಬಾಯಿಮಾತಿನಲ್ಲಿ ನಡೆಯುವ ಪಾಠವಲ್ಲ, ಸಾಮಾನು ಬೇಡುವ ಪಾಠ. ತಲೆಯ ಮೇಲೆ ಕಲಿಕಾ ಚಪ್ಪರಕ್ಕೆ ದಾರ ಕಟ್ಟಬೇಕು, ಮಕ್ಕಳು ಬರೆದದ್ದನ್ನು ಅದಕ್ಕೆ ತೂಗುಹಾಕಬೇಕು. ಕಲಿಕೆಯ ಕಾರ್ಡು ಆರು ವರ್ಷದ ಮಕ್ಕಳ ಕೈಯಲ್ಲಿ ಎಷ್ಟು ದಿನ ಬಾಳೀತು? ಮಳೆಗಾಲದಲ್ಲಿ ನೆಂದು, ಬಿಸಿಲಿಗೆ ಮುರುಟಿ, ದೀಪಾವಳಿಯ ಹೊತ್ತಿಗೆ ಅಂಚು ಹರಿದಿರುತ್ತಿತ್ತು. ಶನಿವಾರ ಮಧ್ಯಾಹ್ನ ಅವನ್ನು ಚೀಲಕ್ಕೆ ತುಂಬಿಕೊಂಡು ಪೇಟೆಗೆ ಹೋಗಿ ಲ್ಯಾಮಿನೇಷನ್ ಮಾಡಿಸುತ್ತಿದ್ದೆ. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಗೋಂದು, ಪರೀಕ್ಷೆಗೆ ಜೆರಾಕ್ಸು. ಧ್ವಜಸ್ತಂಭದ ಹಗ್ಗ, ಆಗಸ್ಟ್ ಹದಿನೈದಕ್ಕೆ ಬುಂದೆ. ಮಕ್ಕಳ ವಿವರವನ್ನು ಆನ್‌ಲೈನಿನಲ್ಲಿ ತುಂಬಲು ನನ್ನ ಮೊಬೈಲು, ನನ್ನ ಡೇಟಾ. ಕಕ್ಕಸು ತೊಳೆಯಲು ಸರ್ಕಾರ ಯಾರನ್ನೂ ನೇಮಿಸಿರಲಿಲ್ಲ. ತೊಳೆಯುವ ಹೆಣ್ಣುಮಗಳಿಗೆ ತಿಂಗಳಿಗೆ ಇಷ್ಟು ಅಂತ ನಾನೇ ಕೊಡುತ್ತಿದ್ದೆ. ಮುಂದೆ ಬೇರೆ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋದಾಗ ಬ್ಯಾಗಿನಲ್ಲಿ ಸದಾ ಎರಡು ಸ್ಯಾನಿಟರಿ ಪ್ಯಾಡು ಇಟ್ಟುಕೊಳ್ಳತೊಡಗಿದೆ. ಶಾಲೆಯ ಹುಡುಗಿಯರಿಗೆ ಸರ್ಕಾರ ಕೊಡುವ ಶುಚಿ ಯೋಜನೆಯ ಪ್ಯಾಡು ಹಲವು ವರ್ಷ ನಿಂತೇಹೋಗಿತ್ತು, ಮತ್ತೆ ಶುರುವಾದದ್ದು 2024ರಲ್ಲಿ. ಏಳನೇ ತರಗತಿಯ ಹುಡುಗಿ ಬೆಂಚು ಬಿಟ್ಟು ಏಳದೆ ತಲೆ ತಗ್ಗಿಸಿ ಕೂತಾಗ, ಟೆಂಡರ್ ಆಗಲಿ ತಡಿಯವ್ವ ಅನ್ನಲಿಕ್ಕಾಗುತ್ತದೆಯೇ?

ಇದರಲ್ಲಿ ಒಂದನ್ನೂ ನಾನು ಎಲ್ಲೂ ಬರೆದಿಡಲಿಲ್ಲ. ಮಕ್ಕಳಿಗೆ ಕೊಟ್ಟದ್ದನ್ನು ಲೆಕ್ಕ ಇಡುವುದು ಸಣ್ಣತನ ಎಂದುಕೊಂಡಿದ್ದೆ.

ಆ ಹಳ್ಳಿಯಿಂದ ನನಗೆ ವರ್ಗವಾಯಿತು. ನನ್ನ ಜಾಗಕ್ಕೆ ಒಬ್ಬ ಅತಿಥಿ ಶಿಕ್ಷಕಿ ಬಂದಳು, ಇಪ್ಪತ್ತಾರು ವರ್ಷದ ಹುಡುಗಿ. ಆಗ ಅವಳಿಗೆ ತಿಂಗಳಿಗೆ 10,000 ರೂಪಾಯಿ ಗೌರವಧನ, ಅದೂ ಎರಡು-ಮೂರು ತಿಂಗಳಿಗೊಮ್ಮೆ. ಬೇಸಗೆ ರಜೆಗೆ ಅದೂ ಇಲ್ಲ. ಅಕ್ಟೋಬರಿನಲ್ಲಿ ಒಂದು ಸಂಜೆ ಅವಳ ಫೋನು ಬಂತು.

“ಮೇಡಮ್ಮಾರೆ, ಒಂದು ಮಾತ ಕೇಳೂದಿತ್ರಿ. ಪ್ರತಿಭಾ ಕಾರಂಜಿಗೆ ಹುಡುಗರ ಡ್ರೆಸ್ಸಿಗೆ, ಬಸ್ಸಿಗೆ ನೀವು ಯಾವ ಖಾತೆಯಿಂದ ರೊಕ್ಕ ತಗೀತಿದ್ರಿ? ನಾ ಎಲ್ಲಾ ರಿಜಿಸ್ಟರ್ ನೋಡೇನ್ರಿ, ಸಿಗವಲ್ದು.”

ನನಗೆ ಬಾಯಿ ಕಟ್ಟಿತು. ಯಾವ ಖಾತೆಯೂ ಇರಲಿಲ್ಲ. ನಾನು ಹೊಲಿದುಕೊಟ್ಟ ಹನ್ನೊಂದು ವರ್ಷಗಳಲ್ಲಿ ಒಂದು ಹೊಲಿಗೆಯೂ ದಾಖಲೆಯಲ್ಲಿರಲಿಲ್ಲ. ಆ ರಿಜಿಸ್ಟರುಗಳ ಪ್ರಕಾರ ನನ್ನ ಶಾಲೆಗೆ ಯಾವ ಕೊರತೆಯೂ ಇರಲಿಲ್ಲ, ಬಂದ ಅನುದಾನದಲ್ಲೇ ಎಲ್ಲವೂ ಸಾಂಗವಾಗಿ ನಡೆದಿತ್ತು. ಆ ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದವಳು ನಾನೇ. ಊರಲ್ಲಿ ಆ ಹುಡುಗಿಯ ಬಗ್ಗೆ ಏನು ಮಾತಾಡುತ್ತಿದ್ದರೆಂದು ಆಮೇಲೆ ತಿಳಿಯಿತು: ಮೊದಲಿನ ಅಕ್ಕೋರ ಕೈ ದೊಡ್ಡದು, ಈಕೆದು ಬಿಗಿ. ನಾನು ಮಕ್ಕಳ ಮೇಲಿನ ಅಕ್ಕರೆಯಿಂದ ಬಿಚ್ಚಿದ ಪರ್ಸು ಅವಳನ್ನು ಅಳೆಯುವ ಗಜಕಡ್ಡಿಯಾಗಿತ್ತು. ಅವಳು ಆ ವರ್ಷ ತನ್ನ ಕಿವಿಯೋಲೆ ಒತ್ತೆಯಿಟ್ಟು ಮಕ್ಕಳನ್ನು ಕಾರಂಜಿಯ ಸ್ಪರ್ಧೆಗೆ ಕರೆದೊಯ್ದಳು.

ಆ ದಿನದಿಂದ ನನಗೆ ಶಾಲು-ಹಾರದ ಫೋಟೊ ನೋಡಲಾಗುವುದಿಲ್ಲ.

ಈಗ ಸರ್ಕಾರದ ಲೆಕ್ಕಕ್ಕೆ ಬರೋಣ. ಸರ್ವ ಶಿಕ್ಷಣ ಅಭಿಯಾನದ ದಿನಗಳಲ್ಲಿ ಕಲಿಕೋಪಕರಣಕ್ಕೆಂದೇ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ಬರುತ್ತಿತ್ತು. ಸಣ್ಣ ಮೊತ್ತವೇ ಹೌದು, ಆದರೆ ಪಾಠಕ್ಕೆ ಸಾಮಾನು ಬೇಕು ಎಂದು ಕಾಗದದ ಮೇಲೆ ಒಪ್ಪಿಕೊಂಡಂತೆ ಇತ್ತು. 2018ರಲ್ಲಿ ಸಮಗ್ರ ಶಿಕ್ಷಣ ಬಂದು ಎಲ್ಲವನ್ನೂ ಒಂದೇ ಶಾಲಾನುದಾನದಲ್ಲಿ ಸೇರಿಸಿತು. ಈಚಿನ ಲೆಕ್ಕದಂತೆ ಮೂವತ್ತರವರೆಗೆ ಮಕ್ಕಳಿದ್ದರೆ ವರ್ಷಕ್ಕೆ 10,000 ರೂಪಾಯಿ, ನೂರರವರೆಗೆ 25,000. ಚಾಕ್‌ಪೀಸು, ರಿಜಿಸ್ಟರು, ಸಣ್ಣಪುಟ್ಟ ರಿಪೇರಿ, ಇಂಟರ್ನೆಟ್ಟು, ಪ್ರಯೋಗದ ಸಾಮಾನು ಎಲ್ಲ ಇದರಲ್ಲೇ, ಹತ್ತರಲ್ಲಿ ಒಂದು ಪಾಲು ಸ್ವಚ್ಛತೆಗೆ ತೆಗೆದಿಡಬೇಕು. 10,000ವನ್ನು 220 ಶಾಲಾ ದಿನಕ್ಕೆ ಹಂಚಿ ನೋಡಿ. ದಿನಕ್ಕೆ 45 ರೂಪಾಯಿ. ಒಂದು ಇಡೀ ಶಾಲೆಗೆ.

ಅದೂ ಬೇಕಾದಾಗ ಬರುವುದಿಲ್ಲ. ಶಾಲೆ ಶುರುವಾಗುವುದು ಜೂನಿಗೆ. ನನ್ನ ಶಾಲೆಗಳಲ್ಲಿ ಮೊದಲ ಕಂತು ಕಂಡದ್ದು ಹೆಚ್ಚಾಗಿ ದಸರಾ ರಜೆ ಕಳೆದ ಮೇಲೆ, ಕೊನೆಯದು ಮಾರ್ಚಿನಲ್ಲಿ, ಮೂರೇ ದಿನದಲ್ಲಿ ಹಣಬಳಕೆ ಪ್ರಮಾಣಪತ್ರ ಕೊಡಿ ಎಂಬ ತಾಕೀತಿನ ಜೊತೆ. ಅಲ್ಲಿಯವರೆಗೆ ಊರಿನ ಕಿರಾಣಿ ಅಂಗಡಿಯಿಂದ ತಂದ ಚಾಕ್‌ಪೀಸಿಗೆ ಜಿಎಸ್‌ಟಿ ಬಿಲ್ಲು ಎಲ್ಲಿಂದ ತರುವುದು? ಬಿಲ್ಲಿಲ್ಲದ್ದು ಖರ್ಚೇ ಅಲ್ಲ. ಹಾಗಾಗಿ ಅದು ಅಕ್ಕೋರ ಖರ್ಚು.

ಮೊಟ್ಟೆಯ ಮಾತು ಇನ್ನೂ ನೋವಿನದು. ಮಕ್ಕಳಿಗೆ ಮೊಟ್ಟೆ ಕೊಡುವ ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಅದು ವಾರಕ್ಕೆ ಆರು ದಿನ ಆದಾಗ, ನನ್ನ ಶಾಲೆಯ ಮಕ್ಕಳ ಮುಖ ಅರಳಿದ್ದನ್ನು ಕಂಡಿದ್ದೇನೆ. ಆದರೆ ಒಂದು ಮೊಟ್ಟೆಗೆ ಗೊತ್ತು ಮಾಡಿದ್ದು ಆರು ರೂಪಾಯಿ. ಬೇಯಿಸುವ ಗ್ಯಾಸು, ಸುಲಿಯುವ ಕೂಲಿ ಅದರಲ್ಲೇ ಸೇರಿತ್ತು. ಚಳಿಗಾಲದಲ್ಲಿ ಅಂಗಡಿಯಲ್ಲಿ ಮೊಟ್ಟೆಯೊಂದಕ್ಕೇ ಆರೂವರೆ, ಏಳು ಆಗುತ್ತದೆ. ಒಂದೇ ರೂಪಾಯಿ ಕಡಿಮೆ ಬಿತ್ತೆಂದುಕೊಳ್ಳಿ, ಎಂಬತ್ತು ಮಕ್ಕಳ ಶಾಲೆಯಲ್ಲಿ ವಾರಕ್ಕೆ 480 ರೂಪಾಯಿ, ತಿಂಗಳಿಗೆ ಎರಡು ಸಾವಿರದ ಹತ್ತಿರ. ಬಡಿಸುವಾಗ ಮೊಟ್ಟೆಯನ್ನು ಅರ್ಧ ಮಾಡಲಾಗುವುದಿಲ್ಲ. ಕೈಯಿಂದ ಹಾಕುವವರು ಹೆಡ್‌ಮಾಸ್ತರರೇ. ಶೂ ಕಥೆಯೂ ಇದೇ. ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸು ಸೇರಿ 265 ರೂಪಾಯಿ ಕೊಟ್ಟು ಗುಣಮಟ್ಟದ್ದನ್ನೇ ಕೊಳ್ಳಿ ಎಂದರೆ, ಪೇಟೆಯ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ.

‘ಅರವತ್ತು-ಎಪ್ಪತ್ತು ಸಾವಿರ ಪಗಾರ ಎಣಿಸ್ತಾರ, ನಾಲ್ಕು ದುಡ್ಡು ಸಾಲಿಗೆ ಹಾಕಿದ್ರ ಏನಾತು?’ ಈ ಮಾತನ್ನು ನಮ್ಮ ಬಂಧುಗಳ ಬಾಯಲ್ಲೇ ಕೇಳಿದ್ದೇನೆ. ನನ್ನ ಪಗಾರ ಚೆನ್ನಾಗಿಯೇ ಇತ್ತು, ಮುಚ್ಚಿಡುವುದಿಲ್ಲ. ಆದರೆ ಬಸ್ ಕಂಡಕ್ಟರ್ ತನ್ನ ಪಗಾರದಲ್ಲಿ ಬಸ್ಸಿಗೆ ಡೀಸೆಲ್ ಹಾಕಿಸುತ್ತಾನೆಯೇ? ಲೈನ್‌ಮನ್ ಮನೆಯಿಂದ ತಂತಿ ತರುತ್ತಾನೆಯೇ? ಇನ್ನು ಅತಿಥಿ ಶಿಕ್ಷಕರ ಮುಂದೆ ಈ ಮಾತು ಆಡುವ ಧೈರ್ಯ ಯಾರಿಗಿದೆ? 2025ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯಲ್ಲಿ ಅವರಿಗೆ ಸಿಗುವುದು 12,000. ಹಳ್ಳಿಹಳ್ಳಿಯ ಶಾಲೆಗಳ ಬಾಗಿಲು ತೆರೆಯುತ್ತಿರುವವರು ಅವರು.

2022ರ ಅಕ್ಟೋಬರಿನಲ್ಲಿ ಏನಾಯಿತು, ನೆನಪು ಮಾಡಿಕೊಳ್ಳಿ. ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಲು ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಗಳಿಗೆ, ಅಂದರೆ ಎಸ್‌ಡಿಎಂಸಿಗಳಿಗೆ, ಅವಕಾಶ ಕೊಡುವ ಸುತ್ತೋಲೆ ಹೊರಬಿತ್ತು. ನಾಡೆಲ್ಲ ಕೂಗೆದ್ದಿತು, ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ಕೂಗಿದ್ದು ನ್ಯಾಯವೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಉಚಿತ ಶಿಕ್ಷಣ ಎಂದಿದೆ. ಪ್ರತಿ ತರಗತಿಗೂ ಅಗತ್ಯದ ಕಲಿಕಾ ಸಾಮಗ್ರಿ ಒದಗಿಸಬೇಕೆಂದು ಅದರ ಅನುಸೂಚಿಯಲ್ಲೇ ಇದೆ. ಆದರೆ ಪೋಷಕರಿಂದ ನೂರು ಕೇಳಿದಾಗ ಕುದಿದ ನಮ್ಮ ರಕ್ತ, ಅದೇ ಶಾಲೆಯ ಟೀಚರಿಂದ ತಿಂಗಳು ತಿಂಗಳು ಸಾವಿರ ಹೋಗುವಾಗ ಯಾಕೆ ತಣ್ಣಗಿರುತ್ತದೆ? ಅದಕ್ಕೆ ಸುತ್ತೋಲೆಯೂ ಬೇಕಾಗಿಲ್ಲ, ಮಗುವಿನ ಮುಖ ಸಾಕು ಎಂದು ಎಲ್ಲರಿಗೂ ಗೊತ್ತು. ನಮ್ಮ ಶಾಲೆಗಳಲ್ಲಿ ಎಷ್ಟು ನಲ್ಲಿ, ಎಷ್ಟು ಕಕ್ಕಸು, ಎಷ್ಟು ಕಪ್ಪುಹಲಗೆ ಎಂದು ವರ್ಷವರ್ಷವೂ ಯುಡೈಸ್ ನಮೂನೆ ತುಂಬಿದ್ದೇನೆ. ಶಿಕ್ಷಕರ ಕೈಯಿಂದ ಹೋದದ್ದೆಷ್ಟು ಎಂದು ಅದು ನನ್ನನ್ನು ಎಂದೂ ಕೇಳಲಿಲ್ಲ.

ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ವಿದ್ಯುತ್ ಬಿಲ್ಲನ್ನೂ ಎಷ್ಟೋ ಮುಖ್ಯ ಶಿಕ್ಷಕರು ಕೈಯಿಂದ ಕಟ್ಟುತ್ತಿದ್ದರು. ಆದರೆ ಅದು ಮೀಟರ್ ನಂಬರು, ಬಾಕಿ ಮೊತ್ತ ಅಚ್ಚಾಗಿ ಬರುವ ಕಾಗದ, ಮುಚ್ಚಿಡಲಾಗದ್ದು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ಕುಡಿಯುವ ನೀರು ಉಚಿತವೆಂದು ಮುಖ್ಯಮಂತ್ರಿ ಘೋಷಿಸಿದರು. ಲ್ಯಾಮಿನೇಷನ್ನಿಗೆ ಮೀಟರ್ ಇಲ್ಲ, ಅದನ್ನು ನಾವೇ ಇಡಬೇಕು.

ಕೆಲಸದಲ್ಲಿರುವ ನನ್ನ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಮೊದಲ ಮಾತು ನಿಮಗೆ. ಕೊಡುವುದನ್ನು ನಿಲ್ಲಿಸಿ ಎನ್ನಲಾರೆ. ಮುರಿದ ಬಳಪ ಹಿಡಿದು ಮಗು ಎದುರು ನಿಂತಾಗ ನಿಮ್ಮ ಕೈ ಸುಮ್ಮನಿರುವುದಿಲ್ಲ, ನನಗೆ ಗೊತ್ತು. ಆದರೆ ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ಕು ಕೊಳ್ಳಿ. ತಾರೀಖು, ಸಾಮಾನು, ರೂಪಾಯಿ ಬರೆಯಿರಿ. ತಿಂಗಳಿಗೊಮ್ಮೆ ಎಸ್‌ಡಿಎಂಸಿ ಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿಯನ್ನು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇದು ಸಣ್ಣತನವಲ್ಲ. ನಿಮ್ಮ ಕುರ್ಚಿಗೆ ನಾಳೆ ಬರುವ ಹುಡುಗಿಯ ಕಿವಿಯೋಲೆ ಆ ನೋಟ್‌ಬುಕ್ಕಿನಲ್ಲಿದೆ. ಶಿಕ್ಷಕರ ಸಂಘದವರೇ, ವೇತನದ ಹೋರಾಟದ ಬೇಡಿಕೆಗಳ ಸಾಲಿನಲ್ಲಿ ಚಾಕ್‌ಪೀಸಿನ ಹೆಸರೂ ಇರಲಿ.

ವಿಧಾನಸೌಧದಲ್ಲಿ ಕೂತವರೇ, ಜೂನ್ 1ಕ್ಕೆ ಮೊದಲು ಅನುದಾನ ಶಾಲೆಯ ಖಾತೆಯಲ್ಲಿರಲಿ. ಮೊಟ್ಟೆಯ ದರ ಮಾರುಕಟ್ಟೆಯ ಜೊತೆ ಏರಿಳಿಯಲಿ. ನೂರಿನ್ನೂರು ರೂಪಾಯಿಯ ಖರೀದಿಗೆ ಊರ ಅಂಗಡಿಯ ಚೀಟಿ ಸಾಕೆಂದು ಆದೇಶ ಮಾಡಿ. ಪತ್ರಿಕೆಯ ಮಿತ್ರರೇ, ಸ್ವಂತ ಹಣದಲ್ಲಿ ಶಾಲೆ ಕಟ್ಟಿದ ಮೇಷ್ಟ್ರ ಫೋಟೊ ಹಾಕುವಾಗ, ಆ ಶಾಲೆಗೆ ಆ ವರ್ಷ ಎಷ್ಟು ಅನುದಾನ ಬಂತು, ಯಾವ ತಿಂಗಳು ಬಂತು ಎಂಬುದನ್ನೂ ಅಚ್ಚು ಹಾಕಿ.

ಮಕ್ಕಳನ್ನು ಕಳಿಸುವ ತಾಯಂದಿರೇ, ತಂದೆಯರೇ, ಎಸ್‌ಡಿಎಂಸಿ ನಿಮ್ಮದೇ ಸಮಿತಿ. ಬರುವ ಸಭೆಗೆ ಕೂಲಿ ಅರ್ಧ ದಿನ ಬಿಟ್ಟಾದರೂ ಹೋಗಿ. ಗ್ರಾಮಸಭೆಯಲ್ಲಿ ಸಾಲಿಯ ಮಾತು ಎತ್ತಿ. ಅಕ್ಕೋರ ಕೈಗೆ ಹೂ ಕೊಡುವುದಿದ್ದರೆ ಕೊಡಿ, ಬೇಡ ಎನ್ನುವುದಿಲ್ಲ. ಆಮೇಲೆ ಎಲ್ಲರ ಮುಂದೆ, ಎಲ್ಲರಿಗೂ ಕೇಳುವಂತೆ ಕೇಳಿ: “ಅಕ್ಕೋರ, ಈ ತಿಂಗಳು ನಿಮ್ಮ ಕೈಯಿಂದ ಎಷ್ಟು ಹೋತ್ರಿ?” ಆಕೆ ಹಾಗೇನಿಲ್ಲ ಬಿಡ್ರಿ ಎಂದು ನಗುತ್ತಾಳೆ. ನಾನೂ ಹನ್ನೊಂದು ವರ್ಷ ಹಾಗೆಯೇ ನಕ್ಕಿದ್ದೆ. ಇನ್ನೊಮ್ಮೆ ಕೇಳಿ.