ಎದೆ ತೆಗೆಸುವ ಮೊದಲು ಆಡಬೇಕಾದ ಮಾತು

ನಮ್ಮ ಕಡೆ ‘ಅವರು ಕಿದ್ವಾಯಿಗೆ ಹೋಗಿದ್ದಾರೆ’ ಅಂದರೆ ಸಾಕು, ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಆ ಕ್ಯಾನ್ಸರ್ ಆಸ್ಪತ್ರೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಬೆಳಗಿನ ಬಸ್ಸು ಹಿಡಿದು ಹೋದ ಹೆಣ್ಣುಮಕ್ಕಳು ಬಹಳ. ಐವತ್ತು ವರ್ಷ ದಾಟಿತು. ಜೀವ ಉಳಿಸುವ ವಿದ್ಯೆ ಈ ಅವಧಿಯಲ್ಲಿ ದೊಡ್ಡದಾಗಿ ಬೆಳೆಯಿತು. ಜೀವ ಉಳಿಸಿಕೊಂಡು ಊರಿಗೆ ಬಂದವಳು ರವಿಕೆಯೊಳಗೆ ಹಳೆಯ ಬಟ್ಟೆಯ ಉಂಡೆ ತುರುಕಿ, ಸೆರಗನ್ನು ಬಿಗಿಯಾಗಿ ಹೊದ್ದು ಮದುವೆ ಮನೆಗೆ ಹೋಗುತ್ತಾಳಲ್ಲ, ಆ ಸಂಕಟದ ಬಗ್ಗೆ ಮಾತ್ರ ನಾವು ಬಾಯಿ ಬಿಡಲೇ ಇಲ್ಲ.

ಹಿಂದೆ ಗಡ್ಡೆ ಅಂದರೆ ಇಡೀ ಎದೆ, ಅದರಡಿಯ ಸ್ನಾಯು, ಕಂಕುಳಿನ ಗಂಟು ಎಲ್ಲವನ್ನೂ ತೆಗೆಯುತ್ತಿದ್ದರು. ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಅನೇಕರಿಗೆ ಅಷ್ಟೇ ಆಯಸ್ಸು ಸಿಗುತ್ತದೆ ಎಂಬುದು 1985ರ ಹೊತ್ತಿಗೆ ಅಮೆರಿಕದ ದೊಡ್ಡ ಅಧ್ಯಯನದಿಂದ ಗೊತ್ತಾಯಿತು. ಎದೆ ಉಳಿಸುವ ದಾರಿ ಹೀಗೆ ತೆರೆಯಿತು. ಹತ್ತು ವರ್ಷ ಕಳೆಯುವುದರೊಳಗೆ ಇದಕ್ಕೆ ತದ್ವಿರುದ್ಧವಾದ ಪ್ರಶ್ನೆಯೂ ಎದ್ದಿತು: ರೋಗ ಬರುವ ಮೊದಲೇ ಎದೆ ತೆಗೆಸಬೇಕೆ?

ಅಮೆರಿಕದ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್ 1990ರಲ್ಲಿ ಜಾಡು ತೋರಿದ ಬಿಆರ್‌ಸಿಎ1 ಜೀನ್ 1994ರಲ್ಲಿ ಪತ್ತೆಯಾಯಿತು, ಮರುವರ್ಷ ಬಿಆರ್‌ಸಿಎ2. ಇವುಗಳಲ್ಲಿ ದೋಷವಿರುವ ಹೆಂಗಸಿಗೆ 80ರ ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 70ರ ಆಸುಪಾಸು. ವಂಶದಲ್ಲಿ ಈ ಕ್ಯಾನ್ಸರ್ ಇದ್ದ ಹೆಂಗಸರು ಮುಂಜಾಗ್ರತೆಯಾಗಿ ಎರಡೂ ಎದೆ ತೆಗೆಸಿದರೆ ಅಪಾಯ ಶೇ 90ರಷ್ಟು ತಗ್ಗುತ್ತದೆ ಎಂದು ಅಮೆರಿಕದ ಮೇಯೋ ಕ್ಲಿನಿಕ್ಕಿನವರು 1999ರಲ್ಲಿ ಪ್ರಕಟಿಸಿದರು. ನಟಿ ಆಂಜೆಲಿನಾ ಜೋಲಿ 2013ರ ಮೇ ತಿಂಗಳಲ್ಲಿ ತಾನು ಹಾಗೆ ಮಾಡಿಸಿಕೊಂಡೆನೆಂದು ಪತ್ರಿಕೆಯಲ್ಲಿ ಬರೆದ ಮೇಲೆ ವಿಷಯ ಮನೆಮನೆಗೆ ತಲುಪಿತು. ನಮ್ಮಲ್ಲಿ ಈ ಪ್ರಶ್ನೆ ಹೆಚ್ಚಾಗಿ ಏಳುವುದು ಒಂದು ಎದೆಗೆ ರೋಗ ಬಂದ ಮೇಲೆ, ಇನ್ನೊಂದನ್ನು ಏನು ಮಾಡುವುದು ಎಂದು.

ಯಹೂದಿ ಸಮುದಾಯದಲ್ಲಿ ಮೊದಲು ಗುರುತಿಸಿದ ಒಂದು ಜೀನ್ ದೋಷ ದಕ್ಷಿಣ ಭಾರತದ ಕುಟುಂಬಗಳಲ್ಲೂ ಸಿಕ್ಕಿದೆ. ಹಾಗಾಗಿ ಇದು ಹಾಲಿವುಡ್ಡಿನ ಸಂಗತಿ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಮನೆಗಳಲ್ಲಿ ವೈದ್ಯರು ‘ಯಾರಿಗಾದರೂ ಇತ್ತೇ?’ ಎಂದು ಕೇಳಿದರೆ ಅಮ್ಮ, ಅಜ್ಜಿ, ಚಿಕ್ಕಮ್ಮನನ್ನಷ್ಟೇ ನೆನೆಯುತ್ತೇವೆ. ಅಪ್ಪನ ಅಕ್ಕತಂಗಿಯರು ಲೆಕ್ಕಕ್ಕೆ ಬರುವುದಿಲ್ಲ. ಜೀನ್ ಅಪ್ಪನಿಂದಲೂ ಅಷ್ಟೇ ಸಲೀಸಾಗಿ ಮಗಳಿಗೆ ದಾಟುತ್ತದೆ. ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆತನಗಳಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಬರಬಹುದು. ಸೋದರತ್ತೆಗೆ ಬಂದಿದ್ದ ‘ಎದೆ ಹುಣ್ಣ’ನ್ನು ಮುಚ್ಚಿಟ್ಟರೆ ಸಂಬಂಧ ಉಳಿಯಬಹುದು, ಸೊಸೆಯ ಪ್ರಾಣ ಉಳಿಯುವ ಖಾತರಿಯಿಲ್ಲ.

ಈಗ ಎದೆಯ ಮರುರಚನೆಗೆ ಬರೋಣ. ಎದೆಯೊಳಗೆ ಇಡುವ ಸಿಲಿಕೋನ್ ಇಂಪ್ಲಾಂಟ್ 1962ರಿಂದ ಇದೆ. ಶಸ್ತ್ರಚಿಕಿತ್ಸೆ ಹೋಲಿಕೆಯಲ್ಲಿ ಚಿಕ್ಕದು, ಬೇರೆ ಅಂಗಕ್ಕೆ ಕತ್ತರಿ ಬೀಳುವುದಿಲ್ಲ. ಆದರೆ ಅದು ಜೀವನಪರ್ಯಂತದ್ದಲ್ಲ. ಸುತ್ತ ಗಟ್ಟಿ ಪೊರೆ ಕಟ್ಟಬಹುದು, ಒಡೆಯಬಹುದು, ವರ್ಷಗಳ ಮೇಲೆ ಬದಲಿಸಬೇಕಾಗಬಹುದು. ಲಿಂಫೋಮಾ ಎಂಬ ಕ್ಯಾನ್ಸರಿನ ಅಪರೂಪದ ಒಂದು ಬಗೆಗೆ ನಂಟಿದೆ ಎಂದು ಒರಟು ಮೇಲ್ಮೈಯ ಒಂದು ಬಗೆಯ ಇಂಪ್ಲಾಂಟನ್ನು 2019ರಲ್ಲಿ ಮಾರುಕಟ್ಟೆಯಿಂದ ವಾಪಸ್ ತರಿಸಿದರು. ಆಂಧ್ರದ ನಡುವೆ ಚಾಚಿಕೊಂಡಿರುವ ಪಾವಗಡದ ಹಳ್ಳಿಯಿಂದ ಪ್ರತಿ ತಪಾಸಣೆಗೂ ಬೆಂಗಳೂರಿಗೆ ಓಡಾಡಬೇಕಾದವಳು ಇದನ್ನು ತಿಳಿದೇ ಒಪ್ಪಬೇಕು.

ಇನ್ನೊಂದು ದಾರಿ ಸ್ವಂತ ಮಾಂಸದ್ದು. ಬೆನ್ನಿನ ಅಗಲವಾದ ಸ್ನಾಯುವನ್ನು ಎದೆಗೆ ತಿರುಗಿಸುವುದು ನೂರು ವರ್ಷದ ಹಿಂದಿನ ವಿದ್ಯೆ. ಹೊಟ್ಟೆಯ ಸ್ನಾಯು ಮತ್ತು ಕೊಬ್ಬನ್ನು ಮೇಲೆ ತರುವ ಪದ್ಧತಿ 1982ರಲ್ಲಿ ಪ್ರಕಟವಾಯಿತು. ಹುಲ್ಲಿನ ಹೊರೆ ಹೊರುವ, ಬಾವಿಯಿಂದ ನೀರು ಸೇದುವ, ಇಡೀ ದಿನ ಬಗ್ಗಿ ಕಡ್ಲೇಕಾಯಿ ಕೀಳುವ ಹೆಂಗಸಿಗೆ ಬೆನ್ನು, ಹೊಟ್ಟೆಯ ಬಲ ಅಂದರೆ ಅನ್ನ. ಸ್ನಾಯು ಕೊಟ್ಟ ಹೊಟ್ಟೆ ಸಡಿಲವಾಗಬಹುದು, ಹರ್ನಿಯಾ ಆಗಬಹುದು. ಸ್ನಾಯುವನ್ನು ಬಿಟ್ಟು ಚರ್ಮ, ಕೊಬ್ಬು, ರಕ್ತನಾಳವನ್ನಷ್ಟೇ ತಂದು ಎದೆಯ ನಾಳಕ್ಕೆ ಹೊಲಿಯುವ ಡೀಪ್ ಫ್ಲ್ಯಾಪ್ 1990ರ ದಶಕದಲ್ಲಿ ಬಂದಿತು. ದುಡಿಯುವ ದೇಹಕ್ಕೆ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ಸೂಕ್ಷ್ಮದರ್ಶಕದಡಿ ಗಂಟೆಗಟ್ಟಲೆ ಹೊಲಿಯಬಲ್ಲ ತಂಡ ಬೇಕು, ಅದಕ್ಕೆ ದೊಡ್ಡ ನಗರವೇ ಗತಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಹೊಗೆಸೊಪ್ಪು ಬಿಡದವರಿಗೆ ಗಾಯ ಮಾಯುವುದು ಕಷ್ಟ. ವಿಕಿರಣ ಬೇಕಾಗುವಂತಿದ್ದರೆ ಇಂಪ್ಲಾಂಟಿನ ತೊಂದರೆ ಹೆಚ್ಚು.

ಯಾವ ಬಗೆಯಾದರೂ ಹೊಸ ಎದೆಯಲ್ಲಿ ಮೊದಲಿನ ಸ್ಪರ್ಶ ಇರುವುದಿಲ್ಲ, ಹಾಲು ಬರುವುದಿಲ್ಲ. ಮದುವೆಯಾಗಬೇಕಾದ ಹುಡುಗಿಗೆ, ಇನ್ನೂ ಮಗು ಬೇಕೆನ್ನುವವಳಿಗೆ ಇದನ್ನು ನೇರವಾಗಿ ಹೇಳಬೇಕು. ಎದೆ ತೆಗೆಸದೆ 25ರಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಿಕೊಂಡು ಕಾಯುವುದೂ ಒಪ್ಪಿತವಾದ ದಾರಿಯೇ. ಏನೂ ಮರುರಚನೆ ಬೇಡ, ಚಪ್ಪಟೆಯಾಗಿಯೇ ಹೊಲಿಯಿರಿ ಎನ್ನುವುದೂ ಒಂದು ಆಯ್ಕೆ. ಹಾಗೆಂದವಳ ಮಾತು ಬಡತನದಿಂದಲೋ ವಯಸ್ಸಿನಿಂದಲೋ ಬಂದದ್ದೆಂದು ಯಾರೂ ತಳ್ಳಿಹಾಕಬಾರದು. ಹಾಗೆಯೇ ಮರುರಚನೆ ಬೇಕೆಂದವಳಿಗೆ ‘ವಯಸ್ಸಾಯಿತಲ್ಲ, ಇನ್ನೇಕೆ ಎದೆ?’ ಎಂಬ ಮಾತನ್ನು ಆಡುವ ಹಕ್ಕು ಗಂಡನಿಗಾಗಲಿ ಮಗನಿಗಾಗಲಿ ಇಲ್ಲ.

ದೇಶದಲ್ಲಿ 2022ರ ಒಂದೇ ವರ್ಷ ಸುಮಾರು 1.92 ಲಕ್ಷ ಹೆಂಗಸರಿಗೆ ಸ್ತನ ಕ್ಯಾನ್ಸರ್ ಬಂದಿತು, 98 ಸಾವಿರಕ್ಕೂ ಹೆಚ್ಚು ಮಂದಿ ತೀರಿಕೊಂಡರು ಎಂಬುದು ಜಾಗತಿಕ ಅಂದಾಜು. ಕ್ಯಾನ್ಸರ್, ಸಕ್ಕರೆ ಕಾಯಿಲೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾದಾಗ ಮೊದಲ ಸುತ್ತಿನ ಜಿಲ್ಲೆಗಳಲ್ಲಿ ನಮ್ಮ ತುಮಕೂರೂ ಇತ್ತು. ಗಂಟು ಹುಡುಕುವ ಅರಿವು ಆಶಾ ಕಾರ್ಯಕರ್ತೆಯರ ಮೂಲಕ ಹಳ್ಳಿ ಮುಟ್ಟಿದೆ, ಅದು ನಮ್ಮ ಗಳಿಕೆ. ವಂಶದ ಪಟ್ಟಿ ಬರೆಯುವ ಅಭ್ಯಾಸ, ಜೀನ್ ಪರೀಕ್ಷೆಗೆ ಮುನ್ನ ಕನ್ನಡದಲ್ಲಿ ಕೂತು ಮಾತಾಡುವ ಸಲಹೆಗಾರರು ತಾಲ್ಲೂಕು ಆಸ್ಪತ್ರೆಯ ಮಟ್ಟಕ್ಕೆ ಇಳಿಯಬೇಕು. ಮರುರಚನೆಯನ್ನು ವಿಮೆ ಭರಿಸಬೇಕೆಂದು ಅಮೆರಿಕ 1998ರಲ್ಲೇ ಕಾನೂನು ಮಾಡಿತು. ಎದೆ ಕಟ್ಟಿಕೊಡುವುದು ಚಿಕಿತ್ಸೆಯದೇ ಭಾಗ, ಅಲಂಕಾರವಲ್ಲ ಎಂದು ನಮ್ಮ ಸರ್ಕಾರವೂ ಆದೇಶದಲ್ಲಿ ಬರೆದು, ಆಸ್ಪತ್ರೆಗಳಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ನೆರವು ಕೊಡಿಸುವ ಆರೋಗ್ಯಮಿತ್ರರ ಮೇಜಿನ ಮೇಲೆ ಅಂಟಿಸಬೇಕು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಅಕ್ಕತಂಗಿಯರಲ್ಲಿ ಒಂದು ಕೋರಿಕೆ. ಅಮ್ಮನ ಕಡೆ, ಅಪ್ಪನ ಕಡೆ ಎರಡರಲ್ಲೂ ಯಾರಿಗೆ, ಎಷ್ಟು ವಯಸ್ಸಿಗೆ ಎದೆಯ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತು ಎಂದು ಈ ವಾರವೇ ಹಿರಿಯರನ್ನು ಕೇಳಿ ಬರೆದಿಡಿ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗುವ ಮೊದಲು ‘ಪ್ಲಾಸ್ಟಿಕ್ ಸರ್ಜನ್ ಜೊತೆ ಒಮ್ಮೆ ಮಾತಾಡಿಸಿ’ ಎಂದು ವೈದ್ಯರನ್ನು ಕೇಳಿ.