ಪಾಲುದಾರರಂತೆ ನಾವು!

ಗೆಳೆಯರೇ, ಗೌಡರ ಜಗಲಿ ಮುಂದೆ ಕೈಕಟ್ಟಿ ನಿಂತು ಕೂಲಿ ಕೇಳಿದವರ ಮಕ್ಕಳು ನಾವು. ಬಿ.ಎ. ಪಾಸಾಗಿ ಬೆಂಗಳೂರಿಗೆ ಬಂದೆವು. ಈಗ ಕೆಲಸ ಕೇಳೋಕೆ ಯಾರ ಜಗಲಿಗೂ ಹೋಗಬೇಕಿಲ್ಲ. ಮೊಬೈಲಿನ ಆ್ಯಪ್‌ಗೆ ಆಧಾರ್, ಲೈಸೆನ್ಸು ತೋರಿಸಿದರೆ ಸಾಕು, ಮನೆಮನೆಗೆ ಊಟ ಮುಟ್ಟಿಸೋ ಕೆಲಸ ಸಿಗುತ್ತೆ. ಇದನ್ನು ನಾವು ಹೀಗಳೆಯೋದಿಲ್ಲ. ಜಾತಿ ಕೇಳದೆ ಕೆಲಸ ಕೊಟ್ಟ ಯಂತ್ರ ನಮ್ಮ ಪಾಲಿಗೆ ಸಣ್ಣದಲ್ಲ.

ಆದರೆ ಬೈಕು ನಮ್ಮದು, ಅದರ ಸಾಲ ನಮ್ಮದು, ಪೆಟ್ರೋಲು ನಮ್ಮದು, ಬಿದ್ದರೆ ಮುರಿಯೋ ಕಾಲೂ ನಮ್ಮದು. ದರ ಕಟ್ಟೋನು ಮಾತ್ರ ಕಂಪನಿಯವನು. ಅವನು ನಮ್ಮನ್ನು ಕರೆಯೋದು 'ಪಾರ್ಟ್‌ನರ್' ಅಂತ! ಎಂಥ ಪಾಲುದಾರಿಕೆ ಸ್ವಾಮಿ ಇದು? ಲಾಭದಲ್ಲಿ ಪಾಲಿಲ್ಲ, ಲೆಕ್ಕ ಕೇಳೋ ಹಾಗಿಲ್ಲ. ಕೂಲಿಯವನು ಅಂದರೆ ಕನಿಷ್ಠ ಕೂಲಿ ಕೊಡಬೇಕಾಗುತ್ತೆ, ಪಿ.ಎಫ್. ಕಟ್ಟಬೇಕಾಗುತ್ತೆ. ಪಾಲುದಾರ ಅಂದುಬಿಟ್ಟರೆ ಎಲ್ಲದರಿಂದಲೂ ಬಿಡುಗಡೆ. ಈ ಹೆಸರಿನಲ್ಲೇ ಅಡಗಿದೆ ಅವರ ಜಾಣತನ.

ಇಂಥ ದುಡಿಮೆಗಾರರು 2020-21ರಲ್ಲೇ ದೇಶದಲ್ಲಿ 77 ಲಕ್ಷ ಅಂತ ನೀತಿ ಆಯೋಗದ ಅಂದಾಜು. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯಿದೆ ಬಂತು. ನಮಗೆ ಕೊಡೋ ಹಣದ ಮೇಲೆ ಕಂಪನಿ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕೆಲಸದಿಂದ ತೆಗೆಯೋಕೆ ಕಾರಣ ಬರೆದುಕೊಡಬೇಕು, 14 ದಿನ ಮುಂಚೆ ತಿಳಿಸಬೇಕು. ಒಳ್ಳೆಯದೇ. ಆದರೆ ದಿನವಿಡೀ ದುಡಿದವನಿಗೆ ಕನಿಷ್ಠ ಎಷ್ಟು ಕೂಲಿ ಅನ್ನೋ ಮಾತು ಅದರಲ್ಲಿಲ್ಲ.

ಮೇಷ್ಟ್ರೇ, ನಿಮ್ಮ ಹುಡುಗರು ನಾಳೆ ಇದೇ ದಾರೀಲಿ ಬರ್ತಾರೆ. ಆ್ಯಪ್ ಒತ್ತೋದನ್ನ ಅವರೇ ಕಲಿತಾರೆ, ಸಂಘ ಕಟ್ಟೋದನ್ನ ನೀವು ಹೇಳಿಕೊಡಿ. ನಮಗೆ ಪಾಲುದಾರರ ಪಟ್ಟ ಬೇಡ. ಕಾರ್ಮಿಕರು ಅನ್ನಿ, ನ್ಯಾಯವಾದ ಕೂಲಿ ಎಣಿಸಿಕೊಡಿ.