ಬಿದ್ದವನು ಕಲಿಯಬೇಕಾದುದು

ಬಿದ್ದವನು ಎದ್ದು ನಿಂತೊಡನೆ ಅವನನ್ನು ಧೀರನೆಂದು ಹೊಗಳುವುದು ಲೋಕದ ರೂಢಿ. ಆದರೆ ಏಕೆ ಬಿದ್ದೆನೆಂಬುದನ್ನು ಅರಿಯದೆ ಎದ್ದವನು ಮತ್ತೆ ಅಲ್ಲಿಯೇ ಬೀಳುತ್ತಾನೆ.

ಕಾಲಿಗೆ ಉದ್ದನೆಯ ಹಲಗೆಗಳನ್ನು ಬಿಗಿದುಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕ್ರೀಡೆಯನ್ನೇ ನೋಡೋಣ. ಕಡಿದಾದ ಇಳಿಜಾರನ್ನು ಕಂಡೊಡನೆ ಅಂಜಿದ ದೇಹವು ತಾನಾಗಿಯೇ ಹಿಂದಕ್ಕೆ, ಬೆಟ್ಟದ ಕಡೆಗೆ ವಾಲುತ್ತದೆ. ಆಗ ಹಲಗೆಗಳ ಮುಂಭಾಗದ ಮೇಲಿನ ಭಾರವು ಕಡಿಮೆಯಾಗಿ, ಅವು ಹತೋಟಿ ತಪ್ಪುತ್ತವೆ. ರಕ್ಷಣೆಗೆಂದು ಹಿಂದೆ ಸರಿದುದೇ ಪತನಕ್ಕೆ ಕಾರಣವಾಗುತ್ತದೆ! ಹೀಗೆ ಬಿದ್ದವನು ಭಯವನ್ನು ಹಳಿದು ಫಲವಿಲ್ಲ. ಸುಲಭವಾದ ಇಳಿಜಾರಿಗೆ ಮರಳಿ, ಮುಂದಕ್ಕೆ ಬಾಗಿ ಜಾರುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಬೇಕು. ಇದರಲ್ಲಿ ಅವಮಾನವೇನೂ ಇಲ್ಲ.

1998ರ ಫೆಬ್ರವರಿ 13ರಂದು, ಜಪಾನಿನ ನಾಗಾನೋ ಒಲಿಂಪಿಕ್ಸ್‌ನಲ್ಲಿ, ಆಸ್ಟ್ರಿಯದ ಹರ್ಮನ್ ಮೈಯರ್ ಅವರು ತಿರುವೊಂದರಲ್ಲಿ ಅತಿವೇಗದಿಂದ ಗಾಳಿಗೆ ಚಿಮ್ಮಿ, ರಕ್ಷಣಾ ಬಲೆಗಳನ್ನು ಭೇದಿಸಿಕೊಂಡು ಹಿಮದಲ್ಲಿ ಉರುಳಿದರು. ಮೂರೇ ದಿನಗಳ ಬಳಿಕ ಸೂಪರ್-ಜಿ ಸ್ಪರ್ಧೆಯಲ್ಲಿ, 19ರಂದು ಜೈಂಟ್ ಸ್ಲಾಲಂನಲ್ಲಿ ಚಿನ್ನದ ಪದಕಗಳನ್ನು ಗೆದ್ದರು. ಅವರ ಧೈರ್ಯಕ್ಕೆ ಜಗತ್ತೇ ಬೆರಗಾಯಿತು. ಆದರೆ ಆ ಧೈರ್ಯದ ಹಿಂದೆ ಬಾಲ್ಯದಿಂದ ನಡೆಸಿದ ಅಭ್ಯಾಸವಿತ್ತು; ಅಂದು ಜೀವವನ್ನುಳಿಸಿದ ಅದೃಷ್ಟವೂ ಇತ್ತು. ಅದೃಷ್ಟವನ್ನು ಯಾರೂ ಅನುಕರಿಸಲಾರರು. ಅಭ್ಯಾಸವನ್ನು ಎಲ್ಲರೂ ಅನುಕರಿಸಬಹುದು.

ಆದುದರಿಂದ ಬಿದ್ದವನನ್ನು ಕೂಡಲೇ ಅದೇ ಕಡಿದಾದ ದಾರಿಗೆ ಹುರಿದುಂಬಿಸಿ ಕಳುಹಿಸುವುದು ಹಿತವಲ್ಲ. ಅವನು ಮೊದಲು ತನ್ನ ತಪ್ಪನ್ನು ಕಂಡುಕೊಳ್ಳಲಿ, ಅದನ್ನು ತಿದ್ದಿಕೊಳ್ಳಲಿ. ಆ ಬಳಿಕ ಹುಟ್ಟುವ ಧೈರ್ಯಕ್ಕೆ ಆಧಾರವಿರುತ್ತದೆ; ಬೆಟ್ಟವು ಅಷ್ಟೇ ಕಡಿದಾಗಿದ್ದರೂ ಹೆಜ್ಜೆಯು ನಡುಗುವುದಿಲ್ಲ.